ಪಟ್ಟಿಯಲ್ಲಿಲ್ಲದ ಬಂಡೆ

ಜಗತ್ತಿನ ಏಳು ಅದ್ಭುತಗಳು ಯಾವುವು ಅಂತ ಕೇಳಿದರೆ ನಮ್ಮಲ್ಲಿ ಬಹಳ ಜನ ತಾಜ್‌ಮಹಲ್‌ನಿಂದ ಶುರು ಮಾಡಿ, ಚೀನಾದ ಮಹಾಗೋಡೆ ದಾಟಿ, ಮಾಚು ಪಿಚು ಹೊತ್ತಿಗೆ ತಡವರಿಸಿ ಕೊನೆಗೆ ಗೂಗಲ್ ತೆಗೆಯುತ್ತೇವೆ. ಈಗ ನಾವು ಹೇಳುವ ಪಟ್ಟಿ ತೀರಾ ಹೊಸದು. 2007ರ ಜುಲೈ 7ರಂದು ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಘೋಷಣೆಯಾದದ್ದು. ಇಂಟರ್ನೆಟ್ ಮತ್ತು ಫೋನ್ ಮೂಲಕ ವೋಟು ಹಾಕಿಸಿದ್ದರು. ಹತ್ತು ಕೋಟಿ ವೋಟು ಬಂದವು ಅಂತ ನಡೆಸಿದವರೇ ಹೇಳಿಕೊಂಡರು. ನಮಗೂ ಇದಕ್ಕೂ ಸಂಬಂಧವಿಲ್ಲ ಅಂತ ಯುನೆಸ್ಕೊ ಮೊದಲೇ ಕೈ ತೊಳೆದುಕೊಂಡಿತ್ತು.

ನಾನಾಗ ಸಿಂಧನೂರಿನಲ್ಲಿ ಆರನೇ ಕ್ಲಾಸು. ತಾಜ್ ಗೆಲ್ಲಬೇಕು ಅಂತ ಮಾವನ ಮೊಬೈಲಿನಿಂದ ಎಸ್‌ಎಂಎಸ್ ಕಳಿಸಿದ್ದೆವು. ತಾಜ್ ಗೆದ್ದಾಗ ನಾವೇ ಕಟ್ಟಿದಷ್ಟು ಖುಷಿಪಟ್ಟಿದ್ದೂ ನೆನಪಿದೆ.

ಇದಕ್ಕೂ ಹಳೆಯ ಪಟ್ಟಿ ಗ್ರೀಕರದು. ಅವರು ಬಳಸಿದ ಪದಕ್ಕೆ ‘ಅದ್ಭುತ’ ಅನ್ನುವುದಕ್ಕಿಂತ ‘ನೋಡಬೇಕಾದವು’ ಅನ್ನುವ ಅರ್ಥವೇ ಹತ್ತಿರ. ಅಂದರೆ ಇವತ್ತಿನ ಟ್ರಾವೆಲ್ ವ್ಲಾಗ್ ಇದ್ದ ಹಾಗೆ: ಆ ಕಡೆ ಹೋದರೆ ಇಷ್ಟು ನೋಡಿ ಬನ್ನಿ. ಆ ಏಳರಲ್ಲಿ ಇವತ್ತಿಗೂ ನಿಂತಿರುವುದು ಗಿಜಾದ ಪಿರಮಿಡ್ ಒಂದೇ.

ನಮ್ಮ ರಾಜ್ಯಕ್ಕೂ ಒಂದು ಪಟ್ಟಿ ಇದೆ. 2023ರ ಫೆಬ್ರವರಿಯಲ್ಲಿ ಕರ್ನಾಟಕದ ಏಳು ಅದ್ಭುತಗಳು ಅಂತ ಪ್ರಕಟವಾಯಿತು: ಹಿರೇಬೆಣಕಲ್ಲಿನ ಶಿಲಾ ಸಮಾಧಿಗಳು, ಹಂಪಿ, ಶ್ರವಣಬೆಳಗೊಳದ ಗೊಮ್ಮಟ, ವಿಜಯಪುರದ ಗೋಳಗುಮ್ಮಟ, ಮೈಸೂರು ಅರಮನೆ, ಜೋಗ, ನೇತ್ರಾಣಿ ದ್ವೀಪ. ಹಿರೇಬೆಣಕಲ್ ನಮಗೆ ಹತ್ತಿರದ್ದೇ, ಗಂಗಾವತಿ ತಾಲ್ಲೂಕು. ಆದರೆ ರಾಯಚೂರು ಜಿಲ್ಲೆಯದ್ದು ಒಂದೂ ಇಲ್ಲ. ತಕರಾರೇನಿಲ್ಲ. ಏಳು ಅಂದ ಮೇಲೆ ಎಂಟನೆಯದು ಹೊರಗೇ ಉಳಿಯಬೇಕಲ್ಲ.

ಕಳೆದ ನವೆಂಬರಿನಲ್ಲಿ ನನ್ನ ಹೆಸರು ಒಂದು ಪಟ್ಟಿಯಲ್ಲಿ ಬಂತು.

ಬೆಂಗಳೂರಿನ ಒಂದು ಕಂಪನಿಯಲ್ಲಿ ಏಳು ವರ್ಷದಿಂದ ಇದ್ದೆ. ಬೆಳಗ್ಗೆ ಹತ್ತಕ್ಕೆ ವಿಡಿಯೊ ಕಾಲ್, ಹನ್ನೆರಡು ನಿಮಿಷ. ನಿಮ್ಮ ಕೆಲಸದ ಬಗ್ಗೆ ಏನೂ ದೂರಿಲ್ಲ, ಆ ಹುದ್ದೆಯೇ ಇನ್ನು ಇರುವುದಿಲ್ಲ ಅಂದರು. ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪ್ ಲಾಕ್. ಮೂರು ತಿಂಗಳ ಸಂಬಳ ಕೈಗೆ ಬಂತು. ರೂಮು ಖಾಲಿ ಮಾಡಿ, ಸಾಮಾನು ಗೆಳೆಯನ ಮನೆಯಲ್ಲಿಟ್ಟು ರಾತ್ರಿ ಬಸ್ಸಿಗೆ ಸಿಂಧನೂರಿಗೆ ಬಂದೆ. ಬಂದ ದಿನವೇ ಮನೆಯಲ್ಲಿ ಹೇಳಿದೆ.

ಅವ್ವ ಅಳಲಿಲ್ಲ. ಅಡುಗೆಮನೆಯಿಂದ ಹೊರಗೆ ಬಂದು, ಬಾಗಿಲು ಮುಂದೆ ಮಾಡಿ ಒಂದೇ ಮಾತು ಅಂದಳು: “ತಂಗಿ ಮದಿವಿ ಆಗೋತನ ಯಾರ ಮುಂದೂ ಅನಬ್ಯಾಡ.”

ತಂಗಿಯ ಮದುವೆ ಲಿಂಗಸುಗೂರಿನ ಕಡೆ ಗೊತ್ತಾಗಿತ್ತು. ಹುಡುಗ ಸರ್ಕಾರಿ ಶಾಲೆಯ ಮೇಷ್ಟ್ರು. ‘ಹುಡುಗಿಯ ಅಣ್ಣ ಬೆಂಗಳೂರಾಗ ಸಾಫ್ಟ್‌ವೇರ್’ ಅನ್ನುವುದು ಆ ಮಾತುಕತೆಯಲ್ಲಿ ಒಂದು ಕಂಬದ ಹಾಗೆ ನಿಂತಿತ್ತು. ಅವ್ವನ ಹೆದರಿಕೆ ಸುಳ್ಳಲ್ಲ. ನಮ್ಮ ಕಡೆ ಇಂಥ ಸುದ್ದಿಗೆ ಕಾಲಲ್ಲ, ರೆಕ್ಕೆ ಇರುತ್ತವೆ. ಹಾಗಾಗಿ ಓಣಿಯವರಿಗೆಲ್ಲ ‘ವರ್ಕ್ ಫ್ರಮ್ ಹೋಮ್’ ಅಂತ ಅವ್ವನೇ ಹೇಳಿಕೊಂಡು ಬಂದಳು. ನಾನು ದಿನಾ ಬೆಳಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತು ಅರ್ಜಿ ಕಳಿಸುತ್ತಿದ್ದೆ. ನೋಡುವವರಿಗೆ ಎರಡೂ ಒಂದೇ.

ಆ ಸೀಸನ್ನಿನಲ್ಲಿ ಮನೆಯಲ್ಲಿ ಕೆಲಸ ಇಲ್ಲದವನು ನಾನೊಬ್ಬನೇ ಇರಲಿಲ್ಲ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ನಾಲ್ಕು ಎಕರೆ ಭತ್ತದ ಗದ್ದೆ, ಪೇಪರಿನವರು ಬರೆಯುವ ಹಾಗೆ ‘ಕೆಳಭಾಗದ ರೈತರು’. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಆ ವಾರ ಅಪ್ಪ ಫೋನ್ ಕೈಯಲ್ಲಿ ಹಿಡಿದೇ ಮಲಗುತ್ತಿದ್ದ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಆ ವರ್ಷ ಉಳಿಸಿದರು. ಈಗ 33 ಗೇಟುಗಳನ್ನೂ ಬದಲಿಸುವ ಕೆಲಸ, ಹಾಗಾಗಿ ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನವಾಯಿತು. ಜನವರಿಯಲ್ಲಿ ನಾಟಿಯ ಗಡಿಬಿಡಿಯಲ್ಲಿ ಇರಬೇಕಾದ ಗದ್ದೆಯಲ್ಲಿ ಬರೀ ಕೂಳೆ. ಅಪ್ಪ ಅಭ್ಯಾಸಬಲದಿಂದ ಬೆಳಗ್ಗೆ ಹೊಲಕ್ಕೆ ಹೋಗಿ, ಬದುವಿನ ಮೇಲೆ ನಿಂತು, ವಾಪಸ್ ಬರುತ್ತಿದ್ದ.

ಮದುವೆ ದಿನ ಗೊತ್ತು ಮಾಡಲು ಲಿಂಗಸುಗೂರಿಗೆ ಬೀಗರ ಮನೆಗೆ ಹೋಗಬೇಕಿತ್ತು. ಅಪ್ಪ, ನಾನು, ಅಪ್ಪನ ಹಳೆಯ ಬೈಕು. ಸಿಂಧನೂರು ಬಿಟ್ಟು ಮುಕ್ಕಾಲು ತಾಸಿಗೆ ಮಸ್ಕಿ. ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು. ಒಗ್ಗರಣಿ-ಮಿರ್ಚಿ ತಿನ್ನಲು ಇಳಿದೆವು. ಬೀಗರ ಮನೆಗೆ ಹನ್ನೊಂದಕ್ಕೆ ಮುಂಚೆ ಹೋಗುವ ಹಾಗಿರಲಿಲ್ಲ, ಇನ್ನೂ ಎಂಟೂವರೆ. “ಶಾಸನ ನೋಡೂನೇನು?” ಅಂದೆ.

ಅಪ್ಪ ನಕ್ಕ. “ನಲ್ವತ್ತು ವರ್ಷ ಆತು, ಈ ರಸ್ತೆದಾಗ ಅಡ್ಡಾಡಾಕತ್ತು. ಮಲ್ಲಿಕಾರ್ಜುನನ ಗುಡ್ಡ ಹತ್ತೀನಿ. ಅದನ್ನ ನೋಡಿಲ್ಲ ನೋಡು.”

ಹೋದೆವು. ದೊಡ್ಡ ದೊಡ್ಡ ಗುಂಡುಗಳು ಒಂದರ ಮೇಲೊಂದು ಒರಗಿದ ಗುಡ್ಡ. ಬಂಡೆಗಳ ನಡುವೆ ಗುಹೆಯಂಥ ಜಾಗ, ಅಲ್ಲಿ ಕಬ್ಬಿಣದ ಸರಳಿನ ಹಿಂದೆ ಒಂದು ಕಲ್ಲು. ಅದರ ಮೇಲೆ ಕೆಲವು ಸಾಲು ಅಕ್ಷರ, ಅಲ್ಲಲ್ಲಿ ಸವೆದದ್ದು, ಚಕ್ಕೆ ಎದ್ದದ್ದು. ಅಷ್ಟೇ. ತಾಜ್ ನೋಡಿದ ಹಾಗೆ ಬಾಯಿ ತೆರೆದುಕೊಂಡು ನಿಲ್ಲುವಂಥದ್ದು ಏನೂ ಇಲ್ಲ. ಸೆಲ್ಫಿಗೂ ಸರಿಯಾಗಿ ಸಿಗುವುದಿಲ್ಲ.

“ಇದರಾಗ ಏನೈತಿ ಅಂಥಾದ್ದು?” ಅಂತ ಅಪ್ಪ ಕೇಳಿದ. ನನಗೆ ಗೊತ್ತಿದ್ದದ್ದನ್ನು ಹೇಳಲು ಶುರು ಮಾಡಿದೆ. ಕೆಲಸ ಹೋದ ಮೇಲೆ ಓದಲು ಸಮಯ ಬಹಳ ಸಿಕ್ಕಿತ್ತು.

ಅಶೋಕನ ಶಾಸನಗಳು ದೇಶದ ಉದ್ದಗಲಕ್ಕೂ ಇದ್ದವು. ಆದರೆ ಓದಲು ಯಾರಿಗೂ ಬರುತ್ತಿರಲಿಲ್ಲ. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಬಿಡಿಸಿದ್ದು 1837ರಲ್ಲಿ. ಓದಿದರೆ ಎಲ್ಲ ಕಡೆ ‘ದೇವಾನಂಪ್ರಿಯ ಪ್ರಿಯದರ್ಶಿ’ ಅಂತ ಒಬ್ಬ ರಾಜ. ದೇವರಿಗೆ ಪ್ರಿಯನಾದವನು, ಕರುಣೆಯಿಂದ ನೋಡುವವನು. ಇವು ಬಿರುದುಗಳು. ಮನುಷ್ಯನ ಹೆಸರೇನು? ಇನ್ನೊಂದು ಕಡೆ, ಶ್ರೀಲಂಕಾದ ಬೌದ್ಧ ಗ್ರಂಥಗಳಲ್ಲಿ ಅಶೋಕ ಅಂತ ಒಬ್ಬ ದೊಡ್ಡ ರಾಜನ ಕಥೆ. ಅಲ್ಲಿದ್ದ ಜಾರ್ಜ್ ಟರ್ನರ್ ಅನ್ನುವ ಅಧಿಕಾರಿ ಆ ಗ್ರಂಥಗಳ ಆಧಾರದಿಂದ ಇಬ್ಬರೂ ಒಬ್ಬನೇ ಅಂತ ಹೇಳಿದ. ತರ್ಕ ಸರಿಯಿತ್ತು. ಆದರೆ ಕಲ್ಲಿನ ಮೇಲೆ ಆ ಹೆಸರು ಯಾರೂ ಕಂಡಿರಲಿಲ್ಲ.

ನನ್ನಂಥವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಎರಡು ಟೇಬಲ್‌ಗಳಿದ್ದವು. ಒಂದರಲ್ಲಿ ಬಿರುದು ಮತ್ತು ಕೆಲಸ, ಇನ್ನೊಂದರಲ್ಲಿ ಹೆಸರು ಮತ್ತು ಕಥೆ. ಎರಡನ್ನೂ ಜೋಡಿಸುವ ಒಂದು ರೋ ಕಲ್ಲಿನ ಮೇಲೆ ಸಿಗಬೇಕಿತ್ತು. ಅದು 78 ವರ್ಷ ಸಿಗಲೇ ಇಲ್ಲ.

1915ರಲ್ಲಿ ಸಿ. ಬೀಡನ್ ಅನ್ನುವ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡಗಳಲ್ಲಿ ಚಿನ್ನ ಹುಡುಕುತ್ತಿದ್ದ. ಆಗ ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ಅವನ ಕಣ್ಣಿಗೆ ಬಿದ್ದದ್ದು ಈ ಬಂಡೆ. ಅದೇ ವರ್ಷ ಹೊಸಕೋಟೆ ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಮೊದಲ ಸಾಲಿನಲ್ಲೇ ಇತ್ತು: ದೇವಾನಂಪಿಯಸ ಅಸೋಕಸ. ಬಿರುದು, ಅದರ ಪಕ್ಕದಲ್ಲಿ ಹೆಸರು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೋಳದಲ್ಲಿ ಕೂಡ ಹೆಸರಿರುವ ಶಾಸನಗಳು ಸಿಕ್ಕವು. ಮೊದಲು ಸಿಕ್ಕಿದ್ದು ಇಲ್ಲಿ.

“ಅಂದ್ರ ಬಂಗಾರ ಹುಡುಕಾಕ ಬಂದಾವ್ಗ ಹೆಸರು ಸಿಕ್ತು,” ಅಂದ ಅಪ್ಪ.

“ಹೂನಪ್ಪ.”

“ಏನು ಬರಸ್ಯಾನ ಇದರಾಗ?”

ಬರೆಸಿದ್ದು ಯುದ್ಧದ ಸುದ್ದಿಯಲ್ಲ, ಗೆದ್ದ ಊರುಗಳ ಲೆಕ್ಕವೂ ಅಲ್ಲ. ತಾತ್ಪರ್ಯ ಇಷ್ಟು: ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು. ಮೊದಮೊದಲು ಅಷ್ಟೇನೂ ಶ್ರಮಪಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಶ್ರದ್ಧೆಯಿಂದ ತೊಡಗಿದ್ದೇನೆ. ಇದು ದೊಡ್ಡವರಿಗೆ ಮಾತ್ರ ಸಾಧ್ಯ ಅಂತ ತಿಳಿಯಬಾರದು, ಧರ್ಮದಲ್ಲಿ ತೊಡಗಿದ ಸಣ್ಣವನೂ ಇದನ್ನು ಪಡೆಯಬಲ್ಲ. ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಿ. ಹೀಗೆ ನಡೆದರೆ ಇದು ಬಹಳ ಕಾಲ ಉಳಿಯುತ್ತದೆ, ಒಂದೂವರೆ ಪಟ್ಟು ಬೆಳೆಯುತ್ತದೆ.

ಒಂದೂವರೆ ಪಟ್ಟು. ನನಗೆ ಇಷ್ಟವಾದ ಭಾಗ ಇದು. ಚಕ್ರವರ್ತಿಯೊಬ್ಬ ನೂರು ಪಟ್ಟು, ಸಾವಿರ ಪಟ್ಟು ಅಂತ ಬರೆಸಬಹುದಿತ್ತು. ನಮ್ಮ ಆಫೀಸಿನ ಯಾವ ಸ್ಲೈಡಿನಲ್ಲೂ ಇಷ್ಟು ಸಂಯಮದ ಅಂದಾಜು ನಾನು ನೋಡಿಲ್ಲ.

ಇದೇ ಸಂದೇಶ ದೇಶದ ಹದಿನೈದಕ್ಕೂ ಹೆಚ್ಚು ಕಡೆ ಕಲ್ಲಿನ ಮೇಲಿದೆ. ನಮ್ಮಲ್ಲೇ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಕೊಪ್ಪಳದ ಗವಿಮಠ, ಪಾಲ್ಕಿಗುಂಡು. ಮಸ್ಕಿಯ ಕಲ್ಲಿನಲ್ಲಿ ಸವೆದ ಕಡೆ ಬೇರೆ ಪ್ರತಿಗಳನ್ನು ನೋಡಿ ಅರ್ಥ ಮಾಡಿಕೊಳ್ಳಬಹುದು. ಒಳ್ಳೆಯ ಬ್ಯಾಕಪ್.

ಇನ್ನೊಂದು ಲೆಕ್ಕವೂ ತಲೆಗೆ ಬಂತು. ಅಶೋಕನ ದೊಡ್ಡ ಶಾಸನಗಳಲ್ಲಿ 13ನೆಯದರಲ್ಲಿ ಅವನ ಕಾಲದ ಗ್ರೀಕ್ ರಾಜರ ಹೆಸರುಗಳಿವೆ. ಅವರಲ್ಲಿ ಒಬ್ಬ ‘ತುರಮಾಯ’, ಅಂದರೆ ಈಜಿಪ್ಟಿನ ಟಾಲೆಮಿ. ಅಲೆಕ್ಸಾಂಡ್ರಿಯಾದ ಪ್ರಸಿದ್ಧ ದೀಪಸ್ತಂಭ ಮುಗಿದದ್ದು ಅವನ ಆಳ್ವಿಕೆಯಲ್ಲೇ. ಗ್ರೀಕರ ಏಳು ಅದ್ಭುತಗಳಲ್ಲಿ ಅದೂ ಒಂದು. ರೋಡ್ಸ್ ದ್ವೀಪದ ಕಂಚಿನ ಮಹಾಮೂರ್ತಿ ಇನ್ನೊಂದು. ಮಸ್ಕಿಯಲ್ಲಿ ಉಳಿ ಹಿಡಿದವನು ಈ ಅಕ್ಷರ ಕೆತ್ತುವಾಗ ಅಲ್ಲಿ ಆ ಮೂರ್ತಿ, ಆ ದೀಪ ಎರಡೂ ನಿಂತಿದ್ದವು. ಮೂರ್ತಿ ಐವತ್ತು-ಅರವತ್ತು ವರ್ಷಕ್ಕೇ ಭೂಕಂಪಕ್ಕೆ ಬಿತ್ತು. ದೀಪಸ್ತಂಭ ಶತಮಾನಗಳು ಬಾಳಿ ಅದೂ ಭೂಕಂಪಗಳಿಗೇ ಹೋಯಿತು. ಇಲ್ಲಿನ ಸಾಲುಗಳು 2,250 ವರ್ಷ ದಾಟಿ ಇನ್ನೂ ಓದಲು ಸಿಗುತ್ತವೆ. ಅವು ಎತ್ತರವಿರಲಿಲ್ಲ, ಬೀಳುವ ಪ್ರಶ್ನೆಯೇ ಇರಲಿಲ್ಲ.

ಅಪ್ಪ ಸರಳು ಹಿಡಿದು ಸ್ವಲ್ಪ ಹೊತ್ತು ನೋಡಿದ. “ಇವನ್ ಬರಿಯಾಕ ಹಚ್ಚಿದವ್ಗ ಓದಾಕ ಬರ್ತಿತ್ತೇನು?” ಅಂತ ಕೇಳಿದ. ಕೆತ್ತುವ ಕೂಲಿಯವನಿಗೆ ತಾನು ಕೆತ್ತುತ್ತಿರುವುದು ಏನು ಅಂತ ಗೊತ್ತಿತ್ತೇ ಅನ್ನುವುದು ಅವನ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಸಿಲು ಏರುತ್ತಿತ್ತು, ಹೊರಟೆವು.

ಲಿಂಗಸುಗೂರಿನಲ್ಲಿ ಬೀಗರು ಚೆನ್ನಾಗಿ ಮಾತಾಡಿಸಿದರು. ಬೀಗರ ಅಣ್ಣ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು. ಮಸ್ಕಿಯಲ್ಲಿ ಇಳಿದಿದ್ದೆವು ಅಂದಕೂಡಲೇ ಅವರಿಗೆ ಹುರುಪು ಬಂತು. ಹಟ್ಟಿಯಲ್ಲಿ ಈಗಿನ ಗಣಿ ಶುರುವಾಗುವ ಎಷ್ಟೋ ಮೊದಲೇ ಹಳೆಯ ಕಾಲದವರು ತೋಡಿದ ಸುರಂಗಗಳಿದ್ದವು. ಕಲ್ಲಿಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಒಡೆಯುತ್ತಿದ್ದರು. ಹಾಗೆ ಮಾಡಿಕೊಂಡೇ 600 ಅಡಿಗಿಂತ ಕೆಳಗೆ ಇಳಿದಿದ್ದರು. ಒಳಗೆ ಸಿಕ್ಕ ಕಟ್ಟಿಗೆಯನ್ನು ಕಾರ್ಬನ್ ಪರೀಕ್ಷೆ ಮಾಡಿದಾಗ ಸುಮಾರು 2,000 ವರ್ಷ ಹಳೆಯದು ಅಂತ ಗೊತ್ತಾಯಿತು. “ಡೈನಮೈಟ್ ಇಲ್ಲ, ಲಿಫ್ಟ್ ಇಲ್ಲ, ಹೆಂಗ ಇಳದಿದ್ರೋ!” ಅಂದರು ಅವರು. ಅಲ್ಲಿಗೆ ಇಳಿದು ಬಂದವರ ಧಾಟಿಯೇ ಬೇರೆ.

ಬ್ರಹ್ಮಗಿರಿ ಶಾಸನದಲ್ಲಿ ‘ಸುವರ್ಣಗಿರಿ’ ಅನ್ನುವ ಆಡಳಿತ ಕೇಂದ್ರದ ಮಾತು ಬರುತ್ತದೆ. ಅದು ಮಸ್ಕಿಯೇ ಅಂತ ಕೆಲವು ವಿದ್ವಾಂಸರು, ಕನಕಗಿರಿ ಅಂತ ಇನ್ನು ಕೆಲವರು. ಯಾವುದೇ ಆದರೂ ಹೆಸರಿನಲ್ಲಿ ಚಿನ್ನ ಇದೆ.

ಊಟಕ್ಕೆ ಮುಂಚೆ ಮದುವೆಯ ಮಾತು ಬಂತು. ಕಲ್ಯಾಣ ಮಂಟಪ, ಎಷ್ಟು ಜನ, ಯಾರ ಖರ್ಚು ಎಷ್ಟು. ಬೀಗರು ನನ್ನ ಕಡೆ ತಿರುಗಿ, “ತಮ್ಮಾ, ನಿಮ್ಗ ರಜಾ ಯಾವಾಗ ಸಿಗ್ತೈತಿ, ನೋಡಿ ಹೇಳ್ರಿ” ಅಂದರು.

ನಾನು ಬಾಯಿ ತೆರೆಯುವ ಮುಂಚೆ ಅಪ್ಪ ಹೇಳಿಬಿಟ್ಟ. “ಬೀಗ್ರ, ಅವನ ಕೆಲಸ ಹೋಗೈತ್ರಿ. ಕಂಪನ್ಯಾಗ ಬಾಳ ಮಂದಿನ್ನ ತೆಗದ್ರು, ಅದ್ರಾಗ ಇವನೂ ಒಬ್ಬ. ಮತ್ತೊಂದು ಹುಡುಕಾಕತ್ಯಾನ. ನಂದೂ ಈ ಸಲ ಎರಡನೇ ಬೆಳಿ ಇಲ್ಲ. ನಿಮ್ಗ ತಿಳೀಲಿ ಅಂತ ಹೇಳಿದೆ. ನಾಳೆ ಯಾರೋ ಬಂದು ಹೇಳೋದಕ್ಕಿಂತ ನಾನ ಹೇಳೋದು ಚಲೋ.”

ಮನೆಯಲ್ಲಿ ಫ್ಯಾನ್ ಸದ್ದು ಮಾತ್ರ. ಬೀಗರು ತಕ್ಷಣ ಏನೂ ಅನ್ನಲಿಲ್ಲ. ಒಳಗೆ ಹೋದರು. ಹೆಂಗಸರ ದನಿ ಕೇಳಿತು, ನಿಂತಿತು. ನನ್ನ ಕಣ್ಣ ಮುಂದೆ ತಂಗಿಯ ಮುಖ. ಆ ಐದು ನಿಮಿಷದ ಮುಂದೆ ನವೆಂಬರಿನ ಆ ಹನ್ನೆರಡು ನಿಮಿಷ ಏನೂ ಅಲ್ಲ.

ಹೊರಗೆ ಬಂದು ಕೂತು ನನ್ನನ್ನೇ ಕೇಳಿದರು. “ಮತ್ತ ಸಿಗ್ತೈತೇನು?”

“ಸಿಗ್ತೈತ್ರಿ. ಯಾವಾಗ ಅಂತ ಮಾತ್ರ ಹೇಳಾಕ ಬರಂಗಿಲ್ಲ.”

“ಹುಡುಗ ಕೇಳಿದ್ದು ಹುಡುಗಿನ್ನ, ಅಕಿ ಅಣ್ಣನ ಪಗಾರ ಅಲ್ಲ,” ಅಂದರು. ಆಮೇಲೆ ಅಪ್ಪನಿಗೆ, “ನಂದೂ ತೊಗರಿ ಈ ವರ್ಷ ಮಳಿಗೆ ಹೋಗೈತ್ರಿ. ಮಂಟಪ ಬ್ಯಾಡ, ಗುಡಿಯಾಗ ಮಾಡೂಣು. ಖರ್ಚು ಅರ್ಧ ಆಕೈತಿ.” ಹೀಗೆ ಹೇಳುವಾಗ ಅವರ ಮುಖದಲ್ಲೂ ಒಂದು ಭಾರ ಇಳಿದದ್ದು ಕಂಡಿತು. ಮಂಟಪದ ಮಾತು ಅವರಿಗೂ ನುಂಗಲಾರದ ತುತ್ತಾಗಿತ್ತು, ಮೊದಲು ಹೇಳುವವರು ಯಾರು ಅನ್ನುವುದಷ್ಟೇ ಬಾಕಿ ಇತ್ತು.

ವಾಪಸ್ ಬರುವಾಗ, ಯಾಕೆ ಹೇಳಿದಿ ಅಂತ ಅಪ್ಪನನ್ನು ಕೇಳಿದೆ. ಶಾಸನದ ಪ್ರಭಾವ ಅಂತ ನೀವು ಅಂದುಕೊಂಡರೆ, ಅಲ್ಲ. “ನೀರು ಬರಂಗಿಲ್ಲ ಅಂತ ಗೊತ್ತಾದ ಮ್ಯಾಲ ಸಸಿ ಹಾಕಬಾರದು,” ಅಂದ, ಗಾಡಿ ಸದ್ದಿನಲ್ಲಿ ಜೋರಾಗಿ. ರೈತನ ಲೆಕ್ಕ ಅದು.

ಅವ್ವ ಎರಡು ದಿನ ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳ ಹೆದರಿಕೆಯೂ ಪೂರ್ತಿ ಹುಸಿಯಾಗಲಿಲ್ಲ. ಒಬ್ಬ ಅತ್ತೆ ಮನೆಗೆ ಬಂದು, ಓದಿಸಿದ್ದೆಲ್ಲ ಏನಾಯಿತು ಅಂತ ಕೇಳಿ ಹೋದಳು. ಆದರೆ ಅವತ್ತಿನಿಂದ ನಾನು ‘ವರ್ಕ್ ಫ್ರಮ್ ಹೋಮ್’ ನಾಟಕ ಬಿಟ್ಟೆ. ಬಿಟ್ಟ ಮೇಲೆ ಒಂದು ವಿಷಯ ಗೊತ್ತಾಯಿತು. ನಮ್ಮ ಓಣಿಯಲ್ಲೇ ಇನ್ನಿಬ್ಬರು ಹುಡುಗರು ಇದೇ ನಾಟಕದಲ್ಲಿದ್ದರು, ಒಬ್ಬ ಹೈದರಾಬಾದಿನಿಂದ, ಒಬ್ಬ ಪುಣೆಯಿಂದ. ಈಗ ಮೂವರೂ ಒಂದೇ ಮನೆಯ ಮಾಳಿಗೆ ಮೇಲೆ ಕೂತು ಇಂಟರ್‌ವ್ಯೂಗೆ ತಯಾರಾಗುತ್ತೇವೆ. ಒಬ್ಬನಿಗೆ ಆಫರ್ ಬಂದಿದೆ. ನನಗೆ ಒಂದು ಕಡೆ ಮೂರನೇ ಸುತ್ತು ಬಾಕಿ. ತಂಗಿಯ ಮದುವೆ ಮುಂದಿನ ತಿಂಗಳು, ಗುಡಿಯಲ್ಲಿ.

ಪಟ್ಟಿಗಳ ವಿಷಯಕ್ಕೆ ಒಂದು ಸುದ್ದಿ. 2025ರ ಮಾರ್ಚ್‌ನಲ್ಲಿ ಮೌರ್ಯರ ಕಾಲದ ದಾರಿಗಳಲ್ಲಿ ಹರಡಿರುವ ಅಶೋಕನ ಶಾಸನ ತಾಣಗಳು ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿವೆ, ಕರ್ನಾಟಕ ಸೇರಿ ಹಲವು ರಾಜ್ಯಗಳದು ಒಟ್ಟಿಗೆ. ಪಟ್ಟಿಯಲ್ಲಿ ಬಂದರೆ ರಸ್ತೆ, ಬೋರ್ಡು, ಕಾವಲು ಬರುತ್ತವೆ. ಬರಲಿ, ಬೇಕು.

ಅಲ್ಲಿಯವರೆಗೆ ಕಾಯಬೇಕಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಸಿಂಧನೂರು. ಲಿಂಗಸುಗೂರಿನ ಕಡೆ ಹೋಗುವ ಯಾವ ಬಸ್ಸಾದರೂ ಮಸ್ಕಿಯಲ್ಲಿ ಇಳಿಸುತ್ತದೆ. ಮಾರ್ಚ್‌ನಿಂದ ಮೇವರೆಗೆ ಬರಬೇಡಿ, ಬಿಸಿಲಿಗೆ ಬಂಡೆಯೇ ಕಾದಿರುತ್ತದೆ. ಬರುವ ಮುಂಚೆ ಶಾಸನದ ಒಂದು ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಬ್ರಾಹ್ಮಿಯಲ್ಲಿ ‘ಕ’ ಅಕ್ಷರ ನಮ್ಮ ಪ್ಲಸ್ ಗುರುತಿನ ಹಾಗೇ ಇರುತ್ತದೆ. ನಮ್ಮ ಕನ್ನಡದ ‘ಕ’ ಕೂಡ ಅದರಿಂದಲೇ ಬೆಳೆದು ಬಂದದ್ದು. ಮೊದಲ ಸಾಲಿನಲ್ಲಿ ಆ ಪ್ಲಸ್ ಹುಡುಕಿ. ನನ್ನ ತಂಗಿಗೆ ಎರಡು ನಿಮಿಷ ಹಿಡಿಯಿತು.